ಸಾಯನ, ನಿರಯನ ಮತ್ತು ನಮ್ಮ ಮಳೆಗಾದೆಗಳು

ಕನ್ನಡದಲ್ಲಿ ಗಾದೆಗಳ ಸಂಗ್ರಹಕ್ಕೆ ಬಡತನವಿಲ್ಲ. ಆ ಸಂಗ್ರಹಗಳಲ್ಲಿ ಮಳೆಗಾದೆಗಳಿಗೆ ಒಂದು ಪ್ರತ್ಯೇಕ ಭಾಗವಿರುವುದೂ, ಆ ಭಾಗ ಅಶ್ವಿನಿಯಿಂದ ಮೊದಲಾಗಿ ಸ್ವಾತಿ ವಿಶಾಖೆಗಳವರೆಗೆ ನಡೆಯುವುದೂ, ಒಂದೊಂದು ನಕ್ಷತ್ರದ ಮುಂದೆ ಕಂಸದಲ್ಲಿ ಇಂಗ್ಲಿಷ್ ತಾರೀಖು ಕಾಣುವುದೂ ವಾಚಕರಿಗೆ ಗೊತ್ತಿರುವ ಸಂಗತಿಯೇ. ಪೀಠಿಕೆಯಲ್ಲಿ ಸಂಗ್ರಾಹಕರು ಸಾಮಾನ್ಯವಾಗಿ ಒಂದು ಮಾತನ್ನು ಹೇಳಿರುತ್ತಾರೆ: ಇವು ನಮ್ಮ ಹಿರಿಯರು ಸಾವಿರಾರು ವರ್ಷ ಆಕಾಶವನ್ನೂ ಹೊಲವನ್ನೂ ನೋಡಿ ಕಂಡುಕೊಂಡ ಸತ್ಯಗಳು ಎಂದು. ಪೀಠಿಕೆಯ ಈ ಮಾತೂ ಕಂಸದೊಳಗಿನ ಆ ತಾರೀಖೂ ಒಂದರ ಪಕ್ಕದಲ್ಲೊಂದು ನಿಲ್ಲಲಾರವು. ತಾರೀಖು ಸರಿಯಾದರೆ ಸಾವಿರ ವರ್ಷದ ಮಾತು ಸಡಿಲವಾಗುತ್ತದೆ. ಸಾವಿರ ವರ್ಷದ ಮಾತು ನಿಜವಾದರೆ ತಾರೀಖನ್ನು ಹಿಂದಕ್ಕೆ ಸರಿಸಬೇಕಾಗುತ್ತದೆ. ಇದು ಬರಿಯ ಜ್ಯೋತಿಷಿಗಳ ಜಗಳವೆಂದು ಸಾಹಿತ್ಯದವರು ಇದುವರೆಗೆ ದೂರವಿಟ್ಟಿದ್ದೇವೆ. ಆದರೆ ಗಾದೆ ಸಾಹಿತ್ಯವೇ ಆದಮೇಲೆ ಅದರೊಳಗಿನ ಕಾಲವೂ ನಮ್ಮ ವಿಚಾರವೇ.

ಜಗಳದ ಮೂಲವನ್ನು ಮೊದಲು ತಿಳಿಯಾಗಿ ನೋಡೋಣ. ಅಯನವೆಂದರೆ ಚಲನೆ. ಅದನ್ನು ಕೂಡಿಸಿಕೊಂಡದ್ದು ಸಾಯನ, ಕಳೆದದ್ದು ನಿರಯನ. ತರಗತಿಯಲ್ಲಿ ಸಂಧಿ ಬಿಡಿಸದೆ ಸಾಯನವೆಂದರೆ ಹುಡುಗರಿಗೆ ಕನ್ನಡದ ಸಾವು ನೆನಪಾಗುತ್ತದೆ. ನಿರಯವೆಂದರೆ ನರಕವೆಂದು ಕೋಶದಲ್ಲಿದೆ. ಪಾರಿಭಾಷಿಕ ಪದಗಳಿಗೆ ಇಷ್ಟು ಅಮಂಗಲದ ನೆರಳು ಬಿದ್ದದ್ದು ಒಂದು ವಿನೋದವೇ ಸರಿ. ಇರಲಿ. ಸೂರ್ಯನು ವರ್ಷವೊಂದರಲ್ಲಿ ಸುತ್ತುವಂತೆ ಕಾಣುವ ದಾರಿಯನ್ನು ಹನ್ನೆರಡು ಪಾಲು ಮಾಡಿ ರಾಶಿಗಳೆಂದು ಕರೆದರು. ವೃತ್ತಕ್ಕೆ ತುದಿಯಿಲ್ಲದ್ದರಿಂದ ಎಲ್ಲಿಂದ ಎಣಿಸಬೇಕೆಂಬ ಪ್ರಶ್ನೆ ಬಂತು. ಹಗಲೂ ರಾತ್ರಿಯೂ ಸಮವಾಗುವ ಮಾರ್ಚ್ ತಿಂಗಳ ವಿಷುವದ ಬಿಂದುವಿನಿಂದ ಎಣಿಸುವುದು ಸಾಯನ ಪಕ್ಷ. ಆಕಾಶದಲ್ಲಿ ನೆಲೆಯಾಗಿ ಕಾಣುವ ನಕ್ಷತ್ರಗಳಿಂದ ಗುರುತಿಸಿದ ಬಿಂದುವಿನಿಂದ ಎಣಿಸುವುದು ನಿರಯನ ಪಕ್ಷ. ಒಂದು ಕಾಲದಲ್ಲಿ ಇವೆರಡೂ ಒಂದೇ ಕಡೆ ಇದ್ದವು. ಭೂಮಿಯ ಅಕ್ಷ ತಿರುಗುವ ಬುಗುರಿಯ ಮೊಳೆಯಂತೆ ಮೆಲ್ಲನೆ ವಾಲಾಡುವುದರಿಂದ ವಿಷುವದ ಬಿಂದು ನಕ್ಷತ್ರಗಳ ನಡುವೆ ವರ್ಷಕ್ಕೆ ಸುಮಾರು ೫೦ ವಿಕಲೆಗಳಷ್ಟು ಹಿಂದಕ್ಕೆ ಸರಿಯುತ್ತದೆ. ೭೨ ವರ್ಷಕ್ಕೆ ಒಂದು ಡಿಗ್ರಿ. ಪೂರ್ತಿ ಒಂದು ಸುತ್ತಿಗೆ ೨೫,೮೦೦ ವರ್ಷಗಳ ಹತ್ತಿರ. ಇಂದು ಎರಡು ಚಕ್ರಗಳ ನಡುವೆ ಬಿದ್ದಿರುವ ಅಂತರ ೨೪ ಡಿಗ್ರಿಗಿಂತ ತುಸು ಹೆಚ್ಚು. ಇದಕ್ಕೇ ಅಯನಾಂಶವೆಂದು ಹೆಸರು.

ಗ್ರೀಕರಲ್ಲಿ ಹಿಪ್ಪಾರ್ಕಸ್ ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿಯೇ ಈ ಸರಿತವನ್ನು ಗುರುತಿಸಿದ. ನಮ್ಮವರಿಗೂ ಇದು ತಿಳಿಯದ್ದಲ್ಲ. ಉತ್ತರಾಯಣ ಧನಿಷ್ಠೆಯ ಮೊದಲಿನಲ್ಲಿ ಆಗುತ್ತದೆಂದು ವೇದಾಂಗ ಜ್ಯೋತಿಷ ಹೇಳಿತ್ತು. ವರಾಹಮಿಹಿರನು ಆರನೆಯ ಶತಮಾನದಲ್ಲಿ ಬೃಹತ್ಸಂಹಿತೆಯನ್ನು ಬರೆಯುವಾಗ, ಹಿಂದಿನ ಶಾಸ್ತ್ರಗಳು ಹಾಗೆ ಹೇಳಿದ್ದರೂ ಈಗ ಅದು ಮಕರದ ಆದಿಯಲ್ಲಿ ಆಗುತ್ತಿದೆ, ನಂಬದಿದ್ದರೆ ಕಣ್ಣಾರೆ ನೋಡಿಕೊಳ್ಳಿ ಎಂಬರ್ಥದ ಮಾತನ್ನಾಡಿದ. ಶಾಸ್ತ್ರಕ್ಕಿಂತ ನೆರಳುಗೋಲನ್ನು ನಂಬಿದ ಈ ಧೈರ್ಯ ಅವನ ಹೆಸರು ಹೇಳಿಕೊಂಡು ಪಂಚಾಂಗ ಬರೆದವರಲ್ಲಿ ಅಷ್ಟಾಗಿ ಉಳಿಯಲಿಲ್ಲ. ೯೩೨ರ ಮುಂಜಾಲನೂ, ಅವನನ್ನು ನೆನೆದು ೧೧೫೦ರಲ್ಲಿ ಸಿದ್ಧಾಂತಶಿರೋಮಣಿಯನ್ನು ಬರೆದ ಭಾಸ್ಕರಾಚಾರ್ಯನೂ ಅಯನಚಲನವನ್ನು ಬಲ್ಲವರು. ನಮ್ಮ ಪಂಚಾಂಗಗಳಿಗೆ ಬಹುಕಾಲ ಆಧಾರವಾಗಿದ್ದ ಸೂರ್ಯಸಿದ್ಧಾಂತ ಮಾತ್ರ ಇದನ್ನು ಸುತ್ತೆಂದು ಒಪ್ಪದೆ ತೊಟ್ಟಿಲ ತೂಗಾಟವೆಂದಿತು: ಅಯನವು ೨೭ ಡಿಗ್ರಿಯವರೆಗೆ ಹೋಗಿ ಹಿಂದಿರುಗುತ್ತದೆಯಂತೆ. ಅದರ ಲೆಕ್ಕದಲ್ಲಿ ಅಂತರ ಶೂನ್ಯವಾಗಿದ್ದುದು ಕ್ರಿ.ಶ. ೪೯೯ರಲ್ಲಿ, ತೊಟ್ಟಿಲು ಹಿಂದಕ್ಕೆ ತಿರುಗಬೇಕಾದುದು ೨೨೯೯ರಲ್ಲಿ. ಹಿಂದಿರುಗಿ ಬರುವುದಾದರೆ ತಿದ್ದುವ ಗೊಡವೆ ಏಕೆ? ಪಂಚಾಂಗ ತಿದ್ದದೆ ಕುಳಿತದ್ದಕ್ಕೆ ಈ ನಂಬಿಕೆಯೂ ಒಂದು ಕಾರಣವಾಗಿರಬೇಕೆಂದು ನನಗೆ ತೋರುತ್ತದೆ.

ಸಾಹಿತ್ಯದಲ್ಲಿ ಈ ಬಿರುಕು ಎಲ್ಲೆಲ್ಲಿ ಕಾಣುತ್ತದೆ? ಮೊದಲು ಮಾಸಗಳ ಹೆಸರು. ವೇದದಲ್ಲಿ ಮಧು ಮಾಧವಗಳು ವಸಂತದ ಎರಡು ತಿಂಗಳುಗಳು. ಈ ಹೆಸರುಗಳಿಗೆ ನಕ್ಷತ್ರದ ಹಂಗಿಲ್ಲ. ಋತು ಬಂದಾಗ ಅವೂ ಬರುತ್ತವೆ. ಎಂದರೆ ಅವು ಹುಟ್ಟಿನಿಂದಲೇ ಸಾಯನ. ಚೈತ್ರ ವೈಶಾಖಗಳು ಹಾಗಲ್ಲ. ಹುಣ್ಣಿಮೆಯ ಚಂದ್ರ ಚಿತ್ತೆಯ ಬಳಿ ಇದ್ದರೆ ಚೈತ್ರ, ವಿಶಾಖೆಯ ಬಳಿ ಇದ್ದರೆ ವೈಶಾಖ. ಅವು ಹುಟ್ಟಿನಿಂದ ನಿರಯನ. ಕಾಲಾಂತರದಲ್ಲಿ ಕೋಶಕಾರರು ಎರಡನ್ನೂ ಕೂಡಿಸಿ ಮಧುವೆಂದರೆ ಚೈತ್ರ ಎಂದು ಪರ್ಯಾಯ ಬರೆದರು. ನಮ್ಮ ಚಂಪೂಕವಿಗಳು ಅದನ್ನು ಹಾಗೆಯೇ ತೆಗೆದುಕೊಂಡು ಚೈತ್ರಕ್ಕೆ ಮಾವಿನ ಚಿಗುರನ್ನೂ ಕೋಗಿಲೆಯನ್ನೂ ತೆಂಕಣ ಗಾಳಿಯನ್ನೂ ಖಾಯಂ ಮಾಡಿದರು. ಹದಿನೆಂಟು ವರ್ಣನೆಗಳಲ್ಲಿ ಋತುವರ್ಣನೆ ಒಂದಾದ್ದರಿಂದ ಯಾರೂ ಕಿಟಕಿ ತೆರೆದು ನೋಡುವ ಅಗತ್ಯ ಬೀಳಲಿಲ್ಲ. ರಾಯಚೂರಿನಲ್ಲಿ ಚೈತ್ರವೆಂದರೆ ಬಂಡೆ ಸಿಡಿಯುವ ಬಿಸಿಲು. ಇಲ್ಲಿಯ ವಿದ್ಯಾರ್ಥಿಗೆ ವಸಂತವರ್ಣನೆ ಕಲಿಸುವ ಅಧ್ಯಾಪಕನ ಸಂಕಟ ಅಧ್ಯಾಪಕನಿಗೇ ಗೊತ್ತು. ಇದರಲ್ಲಿ ಎಲ್ಲವನ್ನೂ ಅಯನಾಂಶದ ತಲೆಗೆ ಕಟ್ಟಬಾರದು, ನಿಜ. ಊರಿನಿಂದ ಊರಿಗೆ ಋತು ಬೇರೆಯಾಗುವುದೇ ದೊಡ್ಡ ಕಾರಣ. ಆದರೆ ಋತುವಿಗೆ ಅಂಟಿದ ಹೆಸರು ಬೇರೆ, ನಕ್ಷತ್ರಕ್ಕೆ ಅಂಟಿದ ಹೆಸರು ಬೇರೆ ಎಂಬ ಅರಿವು ತಪ್ಪಿದ್ದರಿಂದ, ಕವಿಸಮಯ ಇನ್ನಷ್ಟು ಗಟ್ಟಿಯಾಗಿ ಕೂತಿತು.

ಎರಡನೆಯದು ಶಾಸನಗಳು. ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳನ್ನು ಓದಿದವರಿಗೆ ‘ಉತ್ತರಾಯಣ ಸಂಕ್ರಾಂತಿ’ ಚಿರಪರಿಚಿತ ಪದ. ರಾಯಚೂರು ಸೀಮೆಯಲ್ಲಿಯೂ ಅಂಥ ಕಲ್ಲುಗಳಿವೆ. ಪುಣ್ಯಕಾಲದಲ್ಲಿ ಕಾಲು ತೊಳೆದು ಧಾರೆಯೆರೆದು ಭೂಮಿ ಕೊಟ್ಟರೆ ಫಲ ಹೆಚ್ಚೆಂಬ ನಂಬಿಕೆ. ಪಠ್ಯಪುಸ್ತಕಗಳ ಟಿಪ್ಪಣಿಯಲ್ಲಿ ಇದಕ್ಕೆ ‘ಜನವರಿ ೧೪’ ಎಂದು ಅರ್ಥ ಬರೆದದ್ದನ್ನು ಕಂಡಿದ್ದೇನೆ. ಹನ್ನೊಂದು ಹನ್ನೆರಡನೆಯ ಶತಮಾನದಲ್ಲಿ ಆ ಸಂಕ್ರಾಂತಿ ಬೀಳುತ್ತಿದ್ದುದು ಅಂದಿನ ಜೂಲಿಯನ್ ಲೆಕ್ಕದ ಡಿಸೆಂಬರ್ ೨೪–೨೫ರಂದು. ಇಂದಿನ ಗ್ರೆಗೋರಿಯನ್ ಲೆಕ್ಕಕ್ಕೆ ಇಳಿಸಿದರೂ ಡಿಸೆಂಬರ್ ಕೊನೆಯ ವಾರ ದಾಟುವುದಿಲ್ಲ. ಸೂರ್ಯ ನಿಜವಾಗಿ ಬಡಗಣಕ್ಕೆ ತಿರುಗುವ ದಿನ ಅದೇ ಗ್ರೆಗೋರಿಯನ್ ಲೆಕ್ಕದಲ್ಲಿ ಡಿಸೆಂಬರ್ ೨೧–೨೨. ಎಂದರೆ ಕಲ್ಲು ಕೆತ್ತುವ ಹೊತ್ತಿಗಾಗಲೇ ಹೆಸರಿಗೂ ಸಂಗತಿಗೂ ಎಂಟು ಹತ್ತು ದಿನಗಳ ಅಂತರ ಬಿದ್ದಿತ್ತು. ಉತ್ತರಾಯಣವೆಂಬುದು ಸಾಯನದ ಮಾತು, ಮಕರ ಸಂಕ್ರಾಂತಿಯೆಂಬುದು ನಿರಯನದ ಮಾತು. ಎರಡನ್ನೂ ಒಂದೇ ಸಮಾಸದಲ್ಲಿ ಕಟ್ಟಿ ಕೆತ್ತಿದ್ದಾರೆ. ಈಗ ಆ ಅಂತರ ೨೪ ದಿನಕ್ಕೆ ಬೆಳೆದಿದೆ. ದೂರದ ಕಾಲ ಬೇಡ, ಹತ್ತಿರದ್ದೇ ಒಂದು ಉದಾಹರಣೆ ತೆಗೆದುಕೊಳ್ಳಿ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯಂದು; ಆ ತಾರೀಖು ೧೮೬೩ನೆಯ ಜನವರಿ ೧೨. ಈಗ ಜನವರಿ ೧೪ಕ್ಕೋ ೧೫ಕ್ಕೋ ಎಳ್ಳು ಬೀರುವ ನಮಗೆ, ಹಬ್ಬ ಸರಿಯುತ್ತಿದೆಯೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಇನ್ನು ಮಳೆ. ನಮ್ಮ ಕಡೆ, ಕುರ್ಡಿ ಮಾನ್ವಿಗಳ ಎರೆಹೊಲಗಳಲ್ಲಿ, ತಿಂಗಳ ಹೆಸರಿಗಿಂತ ಮಳೆಯ ಹೆಸರೇ ಬಳಕೆಯಲ್ಲಿ ಹೆಚ್ಚು. ಸೂರ್ಯನು ಒಂದು ನಕ್ಷತ್ರವನ್ನು ಪ್ರವೇಶಿಸಿದನೆಂದರೆ ಆ ‘ಮಳೆ ಕೂಡಿತು’. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಈಗಿನ ಪಂಚಾಂಗದ ಪ್ರಕಾರ ರೋಹಿಣಿ ಕೂಡುವುದು ಮೇ ೨೫ರ ಹೊತ್ತಿಗೆ, ಮೃಗಶಿರೆ, ಜನರ ಬಾಯಲ್ಲಿ ಮಿರಗ, ಜೂನ್ ೮ರ ಹೊತ್ತಿಗೆ, ಆರಿದ್ರೆ ಜೂನ್ ೨೨ರ ಹೊತ್ತಿಗೆ. ಮಗೆ ಆಗಸ್ಟ್ ನಡುವೆ, ಹುಬ್ಬೆ ತಿಂಗಳ ಕೊನೆಗೆ, ಉತ್ತರೆ ಸೆಪ್ಟೆಂಬರ್ ೧೩ಕ್ಕೆ, ಹಸ್ತ ೨೭ಕ್ಕೆ. ಇವೆಲ್ಲ ನಕ್ಷತ್ರದ ಲೆಕ್ಕ, ಆದುದರಿಂದ ನಿರಯನ. ಆದರೆ ಮಳೆಗಾಳಿಗೆ ನಕ್ಷತ್ರದ ಗೊತ್ತಿಲ್ಲ. ಅದು ಬೀಸುವುದು ಸೂರ್ಯ ಎಷ್ಟು ಬಡಗಣಕ್ಕೆ ಬಂದು ನೆಲ ಎಷ್ಟು ಕಾದಿದೆ ಎಂಬುದನ್ನು ಅನುಸರಿಸಿ. ಮಳೆ ಸಾಯನ, ಅದರ ಹೆಸರು ನಿರಯನ.

ಈಗ ಲೆಕ್ಕ ಹಾಕಿ. ಒಂದು ನಕ್ಷತ್ರದ ಅಳತೆ ೧೩ ಡಿಗ್ರಿ ೨೦ ಕಲೆ. ಅಯನ ಅಷ್ಟು ಸರಿಯಲು ಬೇಕಾಗುವ ಕಾಲ ಸುಮಾರು ೯೫೫ ವರ್ಷ. ಅಂದರೆ ಸಾವಿರ ವರ್ಷವೂ ಬೇಕಿಲ್ಲ, ಮಳೆಯ ಪಟ್ಟಿ ಋತುವಿನ ಎದುರಿಗೆ ಒಂದು ಇಡೀ ಮಳೆಯಷ್ಟು ಜಾರಿಬಿಡುತ್ತದೆ. ಕನ್ನಡದಲ್ಲಿ ದೊರೆತಿರುವ ಮೊದಲ ಜ್ಯೋತಿಷ ಗ್ರಂಥ ಶ್ರೀಧರಾಚಾರ್ಯನ ಜಾತಕತಿಲಕ. ಬೆಳ್ವೊಲ ನಾಡಿನ ನರಗುಂದದವನಾದ ಅವನು ಅದನ್ನು ಬರೆದದ್ದು ೧೦೪೯ರಲ್ಲಿ, ಆಹವಮಲ್ಲ ಸೋಮೇಶ್ವರನ ಆಳಿಕೆಯಲ್ಲಿ. ಅದಕ್ಕೂ ತುಸು ಹಿಂದೆ, ೧೦೨೫ರ ಸುಮಾರಿಗೆ, ಚಾವುಂಡರಾಯನ ಲೋಕೋಪಕಾರ ಹುಟ್ಟಿತು. ಪಂಚಾಂಗದಿಂದ ಹಿಡಿದು ಬಾವಿ ತೋಡುವ ಜಾಗ, ಗಿಡಗಳ ಆರೈಕೆ, ಅಡುಗೆಯವರೆಗೆ ಲೋಕಕ್ಕೆ ಬೇಕಾದುದನ್ನೆಲ್ಲ ಹೇಳಿದ ಪುಸ್ತಕ ಅದು. ಆ ಕಾಲದಲ್ಲಿ ಅಯನಾಂಶ ಹತ್ತು ಡಿಗ್ರಿಯ ಆಸುಪಾಸು. ಇಂದಿನ ತಾರೀಖಿಗೆ ಇಳಿಸಿ ಹೇಳುವುದಾದರೆ, ಚಾವುಂಡರಾಯನ ಕಾಲದ ಒಕ್ಕಲಿಗನಿಗೆ ಮಿರಗ ಕೂಡುತ್ತಿದ್ದುದು ಮೇ ೨೫ರ ಸುಮಾರಿಗೆ, ಆರಿದ್ರೆ ಕೂಡುತ್ತಿದ್ದುದು ಜೂನ್ ೮ರ ಸುಮಾರಿಗೆ. ನಮ್ಮ ಮಿರಗವೇ ಅವರ ಆರಿದ್ರೆ. ನಮ್ಮ ರೋಹಿಣಿಯೇ ಅವರ ಮಿರಗ. ಒಂದು ಮಳೆ ಪೂರ್ತಿಯಾಗಿ ಪಲ್ಲಟವಾಗಿದೆ.

ಹಾಗಾದರೆ ಆರಿದ್ರೆ ಹಿಡಿದರೆ ಬಿಡದು ಎನ್ನುವ ಅರ್ಥದ ಗಾದೆ ಯಾವ ಮಳೆಯನ್ನು ಕುರಿತದ್ದು? ಮುಂಗಾರಿ ಕಾಲಿಡುವ ಜೂನ್ ಎರಡನೆಯ ವಾರದ ಮಳೆಯನ್ನೋ, ತಿಂಗಳ ಕೊನೆಯದನ್ನೋ? ಗಾದೆ ಚಾಲುಕ್ಯರ ಕಾಲದ್ದಾದರೆ ಮೊದಲನೆಯದು, ಮುತ್ತಜ್ಜನ ಕಾಲದ್ದಾದರೆ ಎರಡನೆಯದು. ಇಲ್ಲಿ ಕೆಲವರಿಗೆ ಒಂದು ಉತ್ಸಾಹ ಬರಬಹುದು: ಮಳೆಯ ನಿಜವಾದ ಕಾಲವನ್ನೂ ಗಾದೆಯ ನಕ್ಷತ್ರವನ್ನೂ ತೂಗಿ ನೋಡಿ, ಗಾದೆಗೆ ವಯಸ್ಸು ಕಟ್ಟಬಹುದಲ್ಲವೇ ಎಂದು. ಆ ಉತ್ಸಾಹವನ್ನು ತಡೆಯಬೇಕು. ಮುಂಗಾರಿ ಒಂದು ವರ್ಷ ವಾರ ಮೊದಲೇ ಬರುತ್ತದೆ, ಇನ್ನೊಂದು ವರ್ಷ ವಾರ ತಡವಾಗಿ ಬರುತ್ತದೆ. ಹದಿನಾಲ್ಕು ದಿನದ ಮೊಳದಲ್ಲಿ ಅಂಥ ಮಳೆಯನ್ನು ಅಳೆದು ಶತಮಾನ ಹೇಳುವುದು ವಿಮರ್ಶೆಯಾಗದು, ಅದೂ ಒಂದು ಬಗೆಯ ಭವಿಷ್ಯವೇ ಆಗುತ್ತದೆ.

ಗಾದೆಯ ವಯಸ್ಸಿಗಿಂತ ಅದರ ಕಟ್ಟನ್ನು ನೋಡುವುದು ನಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮಳೆಗಾದೆಗಳಲ್ಲಿ ಪ್ರಸಿದ್ಧವಾದವನ್ನೆಲ್ಲ ಎದುರಿಗಿಟ್ಟುಕೊಂಡು ಪ್ರಾಸವನ್ನು ಮಾತ್ರ ಹೆಕ್ಕಿ ತೆಗೆಯಿರಿ. ಭರಣಿಗೆ ಧರಣಿ. ರೋಹಿಣಿಗೆ ಓಣಿ. ಆರಿದ್ರೆಗೆ ಆರದು. ಮಗೆಗೆ ಮೊಗೆ. ಚಿತ್ತೆಗೆ ಚಿತ್ತ, ಇಲ್ಲವೆ ವಿಚಿತ್ರ. ನಕ್ಷತ್ರದ ಹೆಸರು ಮೊದಲು ಬಂದಿದೆ. ಅದಕ್ಕೆ ಹೊಂದುವ ಶಬ್ದ ಆಮೇಲೆ ಬಂದಿದೆ. ಆ ಶಬ್ದ ಏನು ಹೇಳಗೊಡಿಸಿತೋ ಅದು ಮಳೆಯ ಲಕ್ಷಣವಾಗಿದೆ. ಚಿತ್ತೆಯ ಮಳೆ ತನ್ನ ಚಿತ್ತ ಬಂದಲ್ಲಿ ಸುರಿಯುವುದೆಂದು ಒಕ್ಕಲಿಗ ಹೇಳಿದರೆ, ಅಕ್ಟೋಬರದ ಮಳೆಯ ಚದುರಿದ ಸ್ವಭಾವ ಅದರಲ್ಲಿ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಆ ನಕ್ಷತ್ರದ ಹೆಸರು ಬೇರೆಯಾಗಿದ್ದರೆ ಅದೇ ಮಳೆಗೆ ಬೇರೆ ಸ್ವಭಾವ ಬರುತ್ತಿತ್ತು. ಸಂಸ್ಕೃತದಲ್ಲಿ ಆರ್ದ್ರಾ ಎಂದರೇ ಒದ್ದೆ. ಅದನ್ನು ತದ್ಭವ ಮಾಡಿ ಆರಿದ್ರೆಯೆಂದ ಕನ್ನಡದ ಕಿವಿಗೆ ಒದ್ದೆ ಮರೆತುಹೋಯಿತು, ಆರುವುದು ಕೇಳಿಸಿತು. ಆರದೆ ಸುರಿಯುವ ಮಳೆ ಹುಟ್ಟಿತು. ಒದ್ದೆಯಿಂದ ಹೊರಟು ಆರದ ಮಳೆಗೆ ಬಂದು ಸೇರಿದ ಈ ದಾರಿಯಲ್ಲಿ ಆಕಾಶವನ್ನು ನೋಡಿದವರಿಗಿಂತ ಶಬ್ದವನ್ನು ಕೇಳಿದವರ ಕೆಲಸವೇ ಹೆಚ್ಚು. ಆದ್ದರಿಂದಲೇ ಅಯನ ಎಷ್ಟು ಸರಿದರೂ ಈ ಗಾದೆಗಳು ಜಾರಲಿಲ್ಲ. ಪ್ರಾಸದಿಂದ ಹೊಲಿದ ಮಾತಿನಲ್ಲಿ ಆರಿದ್ರೆಯನ್ನು ತೆಗೆದು ಮಿರಗವನ್ನು ಇಡಲಾಗದು. ಇಟ್ಟರೆ ಗಾದೆ ಒಡೆದುಹೋಗುತ್ತದೆ. ತಪ್ಪಿದ ತಾರೀಖನ್ನು ಉಳಿಸಿಕೊಂಡರೂ ಪ್ರಾಸವನ್ನು ಬಿಡಲೊಲ್ಲದು ಜನರ ಬಾಯಿ.

ಪ್ರಾಸವಿಲ್ಲದ ಮಾತುಗಳೂ ಇವೆ. ಸಂಗ್ರಹಗಳಲ್ಲಿ ಅವು ಸಿಕ್ಕುವುದು ಕಡಿಮೆ, ಏಕೆಂದರೆ ಅವನ್ನು ಗಾದೆಯೆಂದು ಯಾರೂ ಗುರುತಿಸುವುದಿಲ್ಲ. ಉತ್ತರೆಯಲ್ಲಿ ಹಸಿ ಸಿಕ್ಕರೆ ಬಿಳಿಜೋಳಕ್ಕೆ ಕೂರಿಗೆ ಹೂಡಬೇಕು, ಹಸ್ತ ದಾಟಿದರೆ ಜೋಳದ ಆಸೆ ಬಿಟ್ಟು ಕಡಲೆ ನೋಡಬೇಕು ಎಂಬಂಥ ಮಾತು ಅದು. ರಾಯಚೂರಿನ ಮಳೆಯ ಪಟ್ಟಿಯನ್ನು ನೋಡಿದರೆ ವರ್ಷದಲ್ಲಿ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ಸೀಮೆಯ ಎರೆಮಣ್ಣು ಆ ಮಳೆಯನ್ನು ಕುಡಿದಿಟ್ಟುಕೊಂಡು ಹಿಂಗಾರಿ ಬೆಳೆಯನ್ನು ಚಳಿಗಾಲದುದ್ದಕ್ಕೂ ಸಾಕುತ್ತದೆ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಬಿತ್ತಿಗೆ ಮುಗಿಯಬೇಕು. ಉತ್ತರೆ ಹಸ್ತಗಳು ಇಂದು ಬೀಳುವುದೂ ಆ ಅವಧಿಯಲ್ಲಿಯೇ. ಇದು ಇಂದಿನ ನಕ್ಷತ್ರಕ್ಕೆ ಇಂದಿನ ಹೊಲ ಹೊಂದಿಸಿದ ಮಾತು. ಸಾವಿರ ವರ್ಷದ ಹಿಂದೆ ಇದೇ ಎಚ್ಚರವನ್ನು ಒಕ್ಕಲಿಗ ಹಸ್ತ ಚಿತ್ತೆಗಳ ಹೆಸರಿನಲ್ಲಿ ಹೇಳುತ್ತಿದ್ದಿರಬೇಕು. ಹೆಸರು ಬದಲಾದದ್ದು ಅವನಿಗೆ ಗೊತ್ತಾಗಲಿಲ್ಲ, ಏಕೆಂದರೆ ಒಂದು ತಲೆಮಾರಿನಲ್ಲಿ ಆಗುವ ಸರಿತ ಅರ್ಧ ದಿನವೂ ಇಲ್ಲ. ಪ್ರಾಸ ಕಟ್ಟದ ಮಾತು ತಲೆಮಾರಿನಿಂದ ತಲೆಮಾರಿಗೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತ ಬಂತು. ಪ್ರಾಸ ಕಟ್ಟಿದ್ದು ತಿದ್ದಿಕೊಳ್ಳಲಾರದೆ ನಿಂತಿತು. ಹೊಲದಲ್ಲಿ ನಿಂತು ಬಿತ್ತುವವನು ಎರಡನ್ನೂ ಬಲ್ಲ. ಆರಿದ್ರೆಯ ಗಾದೆಯನ್ನು ಅವನು ಆಡುತ್ತಾನೆ, ಆದರೆ ಅದನ್ನು ನಂಬಿ ಬೀಜ ಹಾಕುವುದಿಲ್ಲ. ಮಣ್ಣನ್ನು ಹಿಡಿಯಲ್ಲಿ ಹಿಚುಕಿ ನೋಡಿಯೇ ಹಾಕುತ್ತಾನೆ. ಈ ವ್ಯತ್ಯಾಸವನ್ನು ನಮ್ಮ ಜಾನಪದ ಸಂಗ್ರಾಹಕರು ಗುರುತಿಸಿದ್ದರೆ ಅವರ ಪೀಠಿಕೆಗಳು ಬೇರೆ ರೀತಿಯಲ್ಲಿ ಇರುತ್ತಿದ್ದವು. ೧೩೦೦ರ ಸುಮಾರಿನ ರಟ್ಟಕವಿಯ ರಟ್ಟಮತವನ್ನು, ಮಳೆ ಗುಡುಗುಗಳ ಶಕುನವನ್ನು ಹೇಳುವ ಆ ಕನ್ನಡ ಗ್ರಂಥವನ್ನು, ಇಂದಿನ ಗಾದೆಗಳ ಜೊತೆಗಿಟ್ಟು ಓದುವ ಕೆಲಸಕ್ಕೂ ಇದೇ ಎಚ್ಚರ ಬೇಕು. ಅದರ ಕಾಲಕ್ಕೂ ನಮ್ಮ ಕಾಲಕ್ಕೂ ನಡುವೆ ಹತ್ತು ದಿನಗಳ ಕಂದಕವಿದೆ.

ಹೀಗಿರುವಲ್ಲಿ ಪಟ್ಟಿಯನ್ನೇ ಸಾಯನಕ್ಕೆ ಬದಲಿಸಿಬಿಡಬಾರದೇ ಎಂದು ಕೇಳುವವರಿದ್ದಾರೆ. ಬದಲಿಸಿದರೆ ಆರಿದ್ರೆ ಮೇ ೨೮ರ ಹೊತ್ತಿಗೇ ಕೂಡುತ್ತದೆ, ಉತ್ತರೆ ಆಗಸ್ಟಿನಲ್ಲಿ ಬರುತ್ತದೆ. ಒಕ್ಕಲಿಗನ ಬಾಯಲ್ಲಿ ತಾನಾಗಿ ತಿದ್ದಿಕೊಂಡಿದ್ದ ಮಾತೂ ಒಂದೇ ಏಟಿಗೆ ಕೆಡುತ್ತದೆ. ಅಲ್ಲದೆ ನಕ್ಷತ್ರವೆಂದು ಕರೆದು ನಕ್ಷತ್ರವಿಲ್ಲದ ಜಾಗವನ್ನು ತೋರಿಸುವುದು ಮಾತಿಗೇ ದ್ರೋಹ. ರಾಶಿಗಳನ್ನು ಸಾಯನವಾಗಿ ಎಣಿಸಿದರೆ ಅಂಥ ಬಾಧೆಯಿಲ್ಲ, ಏಕೆಂದರೆ ಅವು ಸಮಪಾಲುಗಳು ಮಾತ್ರ. ಟಾಲೆಮಿ ಎರಡನೆಯ ಶತಮಾನದಲ್ಲಿಯೇ ಹಾಗೆ ಎಣಿಸಿದ, ಪಶ್ಚಿಮದವರು ಇಂದಿಗೂ ಹಾಗೆಯೇ ಎಣಿಸುತ್ತಾರೆ. ನಕ್ಷತ್ರಗಳ ಮಾತು ಬೇರೆ.

ಸ್ವತಂತ್ರ ಭಾರತದಲ್ಲಿ ಈ ತೊಡಕನ್ನು ಬಿಡಿಸಲು ಒಂದು ಗಂಭೀರ ಪ್ರಯತ್ನ ನಡೆಯಿತು. ೧೯೫೨ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ನೇಮಕವಾಗಿ ೧೯೫೫ರಲ್ಲಿ ವರದಿ ಕೊಟ್ಟಿತು. ಎನ್. ಸಿ. ಲಾಹಿರಿ ಅದರ ಕಾರ್ಯದರ್ಶಿಗಳು. ದೇಶದ ವ್ಯವಹಾರಕ್ಕೆ ಸಮಿತಿ ಶುದ್ಧ ಸಾಯನ ವರ್ಷವನ್ನು ಕೊಟ್ಟಿತು: ೧೯೫೭ರ ಮಾರ್ಚ್ ೨೨ರಂದು ಶಕ ೧೮೭೯ರ ಚೈತ್ರ ಒಂದು ಆರಂಭವಾಯಿತು. ಆ ಪಂಚಾಂಗದಲ್ಲಿ ಪುಷ್ಯ ಮಾಸ ಡಿಸೆಂಬರ್ ೨೨ಕ್ಕೆ ಹುಟ್ಟುತ್ತದೆ, ಅಂದರೆ ಉತ್ತರಾಯಣದ ನಿಜವಾದ ಬಾಗಿಲಲ್ಲಿ. ಧಾರ್ಮಿಕ ಲೆಕ್ಕಕ್ಕೆ ಬಂದಾಗ ಮಾತ್ರ ಸಮಿತಿ ರಾಜಿಗೆ ಬಂತು. ನಕ್ಷತ್ರಗಳಿಗೆ ನಿರಯನವನ್ನೇ ಉಳಿಸಿ, ೧೯೫೬ರ ಮಾರ್ಚ್ ೨೧ರಂದು ಅಯನಾಂಶ ೨೩ ಡಿಗ್ರಿ ೧೫ ಕಲೆ ಎಂದು ಗೊತ್ತುಮಾಡಿತು. ಹಬ್ಬಗಳು ಋತುವಿನಿಂದ ಇನ್ನೂ ದೂರ ಜಾರದಿರಲೆಂದು, ಸಂಕ್ರಮಣಗಳನ್ನು ಆ ಅಂತರದಲ್ಲಿಯೇ ನಿಲ್ಲಿಸಬೇಕೆಂದೂ ಹೇಳಿತು. ಪಂಚಾಂಗದವರು ಏನು ಮಾಡಿದರು? ಲಾಹಿರಿಯವರ ಸಂಖ್ಯೆಯನ್ನು ಬಹುಮಂದಿ ಸಂತೋಷದಿಂದ ತೆಗೆದುಕೊಂಡರು, ಅದಕ್ಕೆ ಸರಕಾರದ ಮುದ್ರೆಯಿತ್ತು. ನಿಲ್ಲಿಸಬೇಕೆಂಬ ಸಲಹೆಯನ್ನು ಬಿಟ್ಟುಬಿಟ್ಟರು. ಆದ್ದರಿಂದ ಸಂಕ್ರಾಂತಿ ಇನ್ನೂ ನಡೆಯುತ್ತಲೇ ಇದೆ. ರಾಷ್ಟ್ರೀಯ ಪಂಚಾಂಗದ ತಿಂಗಳುಗಳಂತೂ ಆಕಾಶವಾಣಿಯ ಘೋಷಣೆಯಲ್ಲಿಯೂ ಸರಕಾರಿ ಪತ್ರದ ತಲೆಯ ಮೇಲೂ ಉಳಿದವು. ಮನೆಯ ಗೋಡೆಗೆ ಬರಲಿಲ್ಲ. ಸಾಹಾ ಅವರ ತರ್ಕ ನಿರ್ದುಷ್ಟವಾಗಿತ್ತು. ಆದರೆ ಚೈತ್ರ, ಪುಷ್ಯ ಎಂಬ ಹೆಸರುಗಳನ್ನು ಅವರು ಹಾಗೆಯೇ ಉಳಿಸಿಕೊಂಡದ್ದು ಸರಿಯಾಗಲಿಲ್ಲವೆಂದು ನನ್ನ ಎಣಿಕೆ. ನಕ್ಷತ್ರದ ಹೆಸರಿಟ್ಟು ಋತುವಿನ ತಿಂಗಳು ಮಾಡಿದರೆ, ಜನ ಎರಡು ಚೈತ್ರಗಳಲ್ಲಿ ತಮ್ಮದನ್ನೇ ಆರಿಸಿಕೊಳ್ಳುತ್ತಾರೆ. ಋತುವಿಗೆ ಬೇಕಾದ ಮಧು ಮಾಧವಗಳು ವೇದದಲ್ಲಿಯೇ ಸಿದ್ಧವಾಗಿದ್ದವು.

ಜಾತಕದ ವಿಷಯವನ್ನು ಬಿಡುವಂತಿಲ್ಲ, ಏಕೆಂದರೆ ಪತ್ರಿಕೆಯ ವಾಚಕರಿಗೆ ಸಾಯನ ನಿರಯನಗಳು ಮೊದಲು ಎದುರಾಗುವುದು ಅಲ್ಲಿಯೇ. ೧೯೩೦ರಲ್ಲಿ ಲಂಡನ್ನಿನ ಸಂಡೇ ಎಕ್ಸ್‌ಪ್ರೆಸ್ ಪತ್ರಿಕೆ ಆರ್. ಎಚ್. ನೇಲರ್ ಎಂಬುವರಿಂದ ರಾಜಕು‌ಮಾರಿ ಮಾರ್ಗರೆಟ್ಟಳ ಜಾತಕ ಬರೆಸಿದ ಮೇಲೆ ಪತ್ರಿಕಾಭವಿಷ್ಯದ ಪದ್ಧತಿ ಹಬ್ಬಿತು. ಹುಟ್ಟಿದ ತಾರೀಖಿನಿಂದ ರಾಶಿ ಹೇಳುವ ಆ ಕ್ರಮ ಸಾಯನ, ಸೂರ್ಯನ ಲೆಕ್ಕ. ನಮ್ಮ ಮನೆಗಳಲ್ಲಿ ರಾಶಿಯೆಂದರೆ ಹುಟ್ಟಿದಾಗ ಚಂದ್ರನಿದ್ದ ರಾಶಿ, ಅದೂ ನಿರಯನದ್ದು. ಹೀಗಾಗಿ ಆಗಸ್ಟ್ ಮೊದಲ ವಾರದಲ್ಲಿ ಹುಟ್ಟಿದವನು ಇಂಗ್ಲಿಷ್ ಪತ್ರಿಕೆಯಲ್ಲಿ ಸಿಂಹ, ನಿರಯನ ಸೂರ್ಯನ ಪ್ರಕಾರ ಕರ್ಕಾಟಕ, ಅಜ್ಜಿ ಬರೆಸಿದ ಜಾತಕದಲ್ಲಿ ಮತ್ತಾವುದೋ ಒಂದು. ಮೂರನ್ನೂ ಓದಿ ಚೆನ್ನಾದುದನ್ನು ಇಟ್ಟುಕೊಳ್ಳುವ ಸೌಲಭ್ಯ ಇದರಿಂದ ಉಂಟಾಗಿದೆ.

ವಿನೋದ ಇಲ್ಲಿಗೆ ನಿಲ್ಲುತ್ತದೆ. ನಿರಯನದವರಲ್ಲಿಯೇ ಒಮ್ಮತವಿಲ್ಲ. ಬೆಂಗಳೂರಿನ ಬಿ. ವಿ. ರಾಮನ್ (೧೯೧೨–೧೯೯೮), ತಮ್ಮ ಅಜ್ಜ ಬಿ. ಸೂರ್ಯನಾರಾಯಣ ರಾಯರು ೧೮೯೫ರಲ್ಲಿ ತೆಗೆದಿದ್ದ ಅಸ್ಟ್ರಲಾಜಿಕಲ್ ಮ್ಯಾಗಜೀನನ್ನು ೧೯೩೬ರಲ್ಲಿ ಮತ್ತೆ ಎಬ್ಬಿಸಿ ಜಗತ್ತಿಗೆಲ್ಲ ಓದಿಸಿದವರು, ಎರಡು ಚಕ್ರಗಳೂ ಕೂಡಿದ್ದ ವರ್ಷ ಕ್ರಿ.ಶ. ೩೯೭ ಎಂದು ಸಾಧಿಸಿದರು. ಲಾಹಿರಿಯವರ ಚಿತ್ರಾಪಕ್ಷದ ಪ್ರಕಾರ ಅದು ೨೮೫. ಇಬ್ಬರ ನಡುವೆ ಸುಮಾರು ಒಂದೂವರೆ ಡಿಗ್ರಿ. ಅಲ್ಪವೆಂದು ತೋರುತ್ತದೆ. ಚಂದ್ರ ಅಷ್ಟು ನಡೆಯಲು ಎರಡೂವರೆ ಗಂಟೆಗಿಂತ ತುಸು ಹೆಚ್ಚು ಬೇಕು. ಲೆಕ್ಕ ಹಾಕಿದರೆ ಹುಟ್ಟುವ ಒಂಬತ್ತು ಮಕ್ಕಳಲ್ಲಿ ಒಂದಕ್ಕೆ ಜನ್ಮನಕ್ಷತ್ರವೇ ಬೇರೆಯಾಗುತ್ತದೆ. ಚಿತ್ರಾಪಕ್ಷದಲ್ಲಿ ಜ್ಯೇಷ್ಠೆಯ ಕೊನೆಗೆ ಬಿದ್ದ ಹೆಣ್ಣುಮಗು ರಾಮನ್ ಅವರ ಲೆಕ್ಕದಲ್ಲಿ ಮೂಲೆಗೆ ಬೀಳುತ್ತದೆ. ಜ್ಯೇಷ್ಠೆಯಾದರೆ ಭಾವನಿಗೆ ಕೇಡು, ಮೂಲೆಯಾದರೆ ಮಾವನಿಗೆ ಕೇಡು ಎಂದು ನಮ್ಮಲ್ಲಿ ನಂಬಿಕೆ. ಆಶ್ಲೇಷೆಗೆ ಅತ್ತೆ, ಮೂಲೆಗೆ ಮಾವ: ಇಲ್ಲಿಯೂ ಮೊದಲಕ್ಷರ ಕೂಡಿಬಂದಿರುವುದನ್ನು ಗಮನಿಸಿ. ನಿಯಮ ಸಂಸ್ಕೃತದ್ದು, ಆದರೆ ಕನ್ನಡದಲ್ಲಿ ಅದು ಇಷ್ಟು ಆಳವಾಗಿ ನಾಟಿದ್ದಕ್ಕೆ ಈ ಅಕ್ಷರಮೈತ್ರಿಯೂ ಸಹಾಯ ಮಾಡಿರಬೇಕು. ಹುಡುಗಿ ಕೂತ ಕಡೆಯೇ ಕೂತಿರುತ್ತಾಳೆ. ಪಂಚಾಂಗ ಬದಲಿಸಿದರೆ ಅವಳಿಂದ ಸಾಯಬೇಕಾದವರು ಬದಲಾಗುತ್ತಾರೆ. ಮೂಲಾ ನಕ್ಷತ್ರದವಳೆಂಬ ಒಂದೇ ಮಾತಿಗೆ ಮದುವೆಯಿಲ್ಲದೆ ವಯಸ್ಸು ಮೀರಿದ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲಿ ಇದ್ದಾರೆ. ಅವರ ತಂದೆತಾಯಿಗಳಿಗೆ ಯಾವ ಅಯನಾಂಶವೆಂದು ಕೇಳುವ ಹಕ್ಕಿತ್ತೆಂಬುದು ಕೂಡ ಯಾರೂ ಹೇಳಲಿಲ್ಲ. ಯಾವ ಚಕ್ರದಿಂದ ಹೇಳಿದ ಫಲವೂ ಪರೀಕ್ಷೆಗೆ ನಿಂತು ತನ್ನನ್ನು ಸಾಧಿಸಿಕೊಂಡಿಲ್ಲ. ಹಾಗಿರುವಾಗ ಯಾವ ಚಕ್ರ ಸರಿಯೆಂಬ ವಾದ ಎಷ್ಟು ಸೂಕ್ಷ್ಮವಾಗಿ ನಡೆದರೇನು, ಅದರ ಪೆಟ್ಟು ಬೀಳುವುದು ಇಂಥವರ ಮೇಲೆ. ಲಗ್ನ ಕೇಳಬಂದವರಿಗೆ ಎಲ್ಲ ಹೊತ್ತೂ ಒಳ್ಳೆಯದೆನ್ನಬೇಕೆಂದ ಬಸವಣ್ಣನವರಿಗೆ ಅಯನಾಂಶದ ಗೋಜು ಬೇಕಾಗಲಿಲ್ಲ. ನಮ್ಮ ದೇವದುರ್ಗದ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ಭವಿಷ್ಯ ಬಲ್ಲವರೆಂದು ಹೆಸರಾದವರು. ಆದರೆ ದಾಸಪರಂಪರೆ ನೆನೆಯುವುದು ಅವರು ಹೇಳಿದ ಭವಿಷ್ಯವನ್ನಲ್ಲ, ತಮ್ಮ ಆಯುಸ್ಸಿನ ನಲವತ್ತು ವರ್ಷಗಳನ್ನು ಬ್ಯಾಗವಾಟದ ಜಗನ್ನಾಥದಾಸರಿಗೆ ಧಾರೆಯೆರೆದರೆಂಬ ಕಥೆಯನ್ನು. ಜಾತಕದ ಆಯುರ್ದಾಯವನ್ನೇ ಎತ್ತಿಕೊಡಬಹುದೆಂದು ಕಥೆ ಕಟ್ಟಿದ ಜನ, ಜಾತಕವನ್ನು ಎಷ್ಟರಮಟ್ಟಿಗೆ ನಂಬಬೇಕೆಂದು ಬಲ್ಲವರಾಗಿದ್ದರು.

ಮತ್ತೆ ಗಾದೆಗಳಿಗೆ ಬರುತ್ತೇನೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಮಾನ್ವಿ ಸಿಂಧನೂರುಗಳ ಗದ್ದೆಗಳಲ್ಲಿ ಭತ್ತ ನಾಟಿಯಾಗುವುದು ಮಳೆ ಕೂಡಿದ್ದರಿಂದಲ್ಲ, ಕಾಲುವೆಗೆ ನೀರು ಬಿಟ್ಟದ್ದರಿಂದ. ಅಲ್ಲಿಯ ಹುಡುಗರಿಗೆ ಹುಬ್ಬೆ ಮಗೆಗಳ ಅನುಕ್ರಮ ಬಾಯಿಗೆ ಬರುವುದಿಲ್ಲ. ಮೇಲಿನ ಹೊಲದ ಮುದುಕರಿಗೆ ಬರುತ್ತದೆ. ಸಂಗ್ರಹಿಸುವವರಿಗೆ ಉಳಿದಿರುವ ಕಾಲ ಹೆಚ್ಚಿಲ್ಲ. ಸಂಗ್ರಹಿಸುವಾಗ ಪ್ರಾಸದ ಗಾದೆಯನ್ನಷ್ಟೇ ಬರೆದುಕೊಂಡು ಎದ್ದು ಬರಬಾರದು. ಅದನ್ನು ಹೇಳಿದವರ ಊರು, ಮಣ್ಣು, ವರ್ಷ, ಅವರ ಮನೆಯಲ್ಲಿದ್ದ ಪಂಚಾಂಗ ಸೂರ್ಯಸಿದ್ಧಾಂತದ್ದೋ ದೃಗ್ಗಣಿತದ್ದೋ, ಆ ಮಳೆಯಲ್ಲಿ ಅವರು ನಿಜವಾಗಿ ಏನು ಬಿತ್ತುತ್ತಿದ್ದರು, ಇಷ್ಟನ್ನೂ ಪಕ್ಕದಲ್ಲಿ ಬರೆಯಬೇಕು. ಅಚ್ಚು ಮಾಡುವಾಗ ಕಂಸದೊಳಗಿನ ತಾರೀಖಿನ ಮುಂದೆ ಅದು ಯಾವ ಇಸವಿಯ ತಾರೀಖೆಂದು ನಾಲ್ಕು ಅಂಕೆ ಸೇರಿಸಿದರೆ ಸಾಕು. ಮುಂದೆ ಓದುವವರು ಉಳಿದ ಲೆಕ್ಕವನ್ನು ಹಾಕಿಕೊಳ್ಳಬಲ್ಲರು.